ಕಣ್ಣಿನ ಕೋಶ ಉಳಿದಿದೆ, ಕೆಲಸ ಮಾಡುತ್ತಿದೆಯೇ?

ಬೆಂಗಳೂರು: ಕೆಂಪಾಪುರ ದಾಟಿ ಬಳ್ಳಾರಿ ರಸ್ತೆಯಲ್ಲಿ ಯಲಹಂಕದತ್ತ ಸಾಗಿದರೆ ಜಿಕೆವಿಕೆ ಆವರಣ ಸಿಗುತ್ತದೆ. ಅಲ್ಲಿನ ಸಿ-ಕ್ಯಾಂಪ್ ಆಶ್ರಯದಲ್ಲಿ ಬೆಳೆದ ಐಸ್ಟೆಮ್ ಸಂಸ್ಥೆಗೆ, ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳನ್ನು ಅಕ್ಷಿಪಟಲಕ್ಕೆ (ರೆಟಿನಾ) ಸೇರಿಸುವ ಚಿಕಿತ್ಸೆಯನ್ನು ರೋಗಿಗಳಲ್ಲಿ ಪರೀಕ್ಷಿಸಲು 2024ರಲ್ಲಿ ಅನುಮತಿ ದೊರೆಯಿತು. ವಯಸ್ಸಾದವರಲ್ಲಿ ಅಕ್ಷಿಪಟಲದ ನಡುಭಾಗ ಸವೆಯುವ ಕಾಯಿಲೆಗೆ ಉದ್ದೇಶಿಸಿದ ಚಿಕಿತ್ಸೆಯಿದು. ಇಂತಹ ಎಲ್ಲ ಪ್ರಯತ್ನಗಳ ಮುಂದೆಯೂ ಒಂದು ಪ್ರಶ್ನೆಯಿದೆ. ಬೆಳಕು ಗ್ರಹಿಸುವ ಕೋಶಗಳು ನಿಜಕ್ಕೂ ಕೆಲಸ ಮಾಡುತ್ತಿವೆ ಎಂದು ತಿಳಿಯುವುದು ಹೇಗೆ?

ಆಸ್ಪತ್ರೆಗಳ ಓಸಿಟಿ ಸ್ಕ್ಯಾನ್ ಅಕ್ಷಿಪಟಲದ ಪದರಗಳನ್ನು ತೋರಿಸುತ್ತದೆ, ಅವುಗಳ ಕೆಲಸವನ್ನಲ್ಲ. ದೃಷ್ಟಿಕ್ಷೇತ್ರ ಪರೀಕ್ಷೆ ರೋಗಿ ಗುಂಡಿ ಒತ್ತುವುದನ್ನೇ ನಂಬಬೇಕು. ಇಆರ್‌ಜಿ ಪರೀಕ್ಷೆಯಲ್ಲಿ ಕಣ್ಣಿಗೆ ವಿದ್ಯುದಗ್ರ ತಾಗಿಸಬೇಕು. ಸಿಗುವುದು ಬಹುತೇಕ ಇಡೀ ಅಕ್ಷಿಪಟಲದ ಒಟ್ಟು ಸಂಕೇತ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ವಂಶವಾಹಿ ಚಿಕಿತ್ಸೆ ಲಕ್ಸ್‌ಟರ್ನಾದ ಫಲವನ್ನು ಅಳೆಯಲು, ಮಂದ ಬೆಳಕಿನಲ್ಲಿ ಅಡೆತಡೆಗಳ ನಡುವೆ ರೋಗಿಗಳನ್ನು ನಡೆಸಬೇಕಾಯಿತು!

ಆಪ್ಟೋರೆಟಿನೋಗ್ರಫಿ ಎಂಬ ವಿಧಾನ ಕಣ್ಣನ್ನು ಮುಟ್ಟದೆಯೇ ಉತ್ತರ ಹುಡುಕುತ್ತದೆ. ಬೆಳಕು ಬಿದ್ದೊಡನೆ ಶಂಕುಕೋಶದ ಹೊರತುದಿ ಕ್ಷಣಮಾತ್ರ ಕುಗ್ಗಿ, ಬಳಿಕ ನಿಧಾನವಾಗಿ ಉದ್ದವಾಗುತ್ತದೆ. ಆ ವ್ಯತ್ಯಾಸ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಕಣ್ಣಿಗೆ ಅಷ್ಟಾಗಿ ಕಾಣದ ಅವಗೆಂಪು ಕಿರಣ ಹಾಯಿಸಿ, ಆ ಭಾಗದ ಎರಡೂ ತುದಿಗಳಿಂದ ಹಿಂದಿರುಗುವ ಅಲೆಗಳನ್ನು ಹೋಲಿಸಿದಾಗ ಇಷ್ಟು ಚಿಕ್ಕ ಬದಲಾವಣೆಯೂ ಲೆಕ್ಕಕ್ಕೆ ಸಿಗುತ್ತದೆ. ಉದ್ದ ಬದಲಾದರೆ ಕೋಶ ಬೆಳಕಿಗೆ ಸ್ಪಂದಿಸಿತು ಎಂದರ್ಥ. 2016ರಲ್ಲಿ ಜರ್ಮನಿಯ ವಿಜ್ಞಾನಿಗಳು ಜೀವಂತ ಮಾನವ ಕಣ್ಣಿನಲ್ಲಿ ಇದನ್ನು ತೋರಿಸಿದರು. 2020ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಮಕುಮಾರ್ ಸಬೇಸನ್ ಅವರ ತಂಡ ಸ್ಪಂದನದ ಮೊದಲ ಹಂತಗಳನ್ನು ಬಿಡಿಸಿ ವಿವರಿಸಿತು.

ರೋಗಪೀಡಿತ ಕಣ್ಣುಗಳಲ್ಲೇ ಇದರ ನಿಜವಾದ ಪರೀಕ್ಷೆ. ಇರುಳುಗುರುಡಿನಿಂದ ಆರಂಭವಾಗಿ ದೃಷ್ಟಿಯನ್ನು ಅಂಚಿನಿಂದ ಕಿರಿದಾಗಿಸುತ್ತ ಬರುವ ರೆಟಿನೈಟಿಸ್ ಪಿಗ್ಮೆಂಟೋಸಾ ಸುಮಾರು 4,000 ಜನರಲ್ಲಿ ಒಬ್ಬರಿಗೆ ಬರುವ ವಂಶವಾಹಿ ಕಾಯಿಲೆ. (ರಕ್ತಸಂಬಂಧದಲ್ಲಿ ಮದುವೆ ರೂಢಿಯಿರುವ ನಮ್ಮ ಭಾಗದಲ್ಲಿ ಇದರ ಕೆಲವು ಬಗೆಗಳ ಅಪಾಯ ಹೆಚ್ಚು.) ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಈ ರೋಗಿಗಳ ಶಂಕುಕೋಶಗಳ ಕಾರ್ಯಕುಸಿತವನ್ನು ಇದೇ ವಿಧಾನದಿಂದ ಅಳೆದು ವರದಿ ಮಾಡಿದರು.

ಆದರೂ ಇದು ಇನ್ನೂ ದೈನಂದಿನ ತಪಾಸಣೆಯಾಗಿಲ್ಲ. ಒಂದೊಂದು ಕೋಶವನ್ನೂ ಬಿಡಿಬಿಡಿಯಾಗಿ ಕಾಣಿಸಬಲ್ಲ ಉಪಕರಣ ದುಬಾರಿ. ಚಿತ್ರಗಳ ವಿಶ್ಲೇಷಣೆಯೂ ಕ್ಲಿಷ್ಟ. ಮೇಲಾಗಿ ರೋಗಿ ದೃಷ್ಟಿಯನ್ನು ಒಂದೇ ಕಡೆ ನೆಟ್ಟಿರಬೇಕು. ಅಕ್ಷಿಪಟಲದ ನಡುಭಾಗವೇ ಸವೆದವರಿಗೆ ಅತ್ಯಂತ ಕಷ್ಟವಾಗುವುದು ಇದೇ.