ಮಳೇಲಿ ಬೈಕ್ ಮಿಸ್ಸಿಂಗ್ ಹೊಡೀತಿದ್ಯಾ? ಪ್ಲಗ್ ವೈರ್ ನೋಡಿ

ಹೊಸ ಪ್ಲಗ್ ಹಾಕಿದರೂ ಮಳೆಯಲ್ಲಿ ಬೈಕ್ ಮಿಸ್ಸಿಂಗ್ ನಿಲ್ಲದಿದ್ದರೆ, ಕಾಯಿಲ್‌ನಿಂದ ಪ್ಲಗ್‌ಗೆ ಬರುವ ದಪ್ಪ ವೈರ್ ನೋಡಿಸಬೇಕು. ಇದರಲ್ಲಿ ಬರೋದು 10 ಸಾವಿರ ವೋಲ್ಟ್‌ಗೂ ಹೆಚ್ಚು. ರಬ್ಬರ್ ಬಿರುಕು ಬಿಟ್ಟಿದ್ದರೆ ಒದ್ದೆಯಾದಾಗ ಕರೆಂಟ್ ಪ್ಲಗ್ ತಲುಪದೆ ಎಂಜಿನ್ ಬಾಡಿಗೇ ಹಾರುತ್ತೆ. ರಾತ್ರಿ ಕತ್ತಲಲ್ಲಿ ಸ್ಟಾರ್ಟ್ ಮಾಡಿದರೆ ನೀಲಿ ಕಿಡಿ ಕಾಣಬಹುದು. ಕೈ ಮಾತ್ರ ಹಾಕಬೇಡಿ.

ಎಷ್ಟೋ ಸಲ ಕೆಟ್ಟಿರೋದು ವೈರ್ ಅಲ್ಲ, ತುದಿಯ ಕ್ಯಾಪ್. ಕೀ ಆಫ್ ಮಾಡಿ, ಎಂಜಿನ್ ತಣ್ಣಗಾದ ಮೇಲೆ ಅದನ್ನು ತಿರುಗಿಸಿ ಬಿಚ್ಚಿ, ವೈರ್ ತುದಿ ಅರ್ಧ ಸೆಂಟಿಮೀಟರ್ ಕತ್ತರಿಸಿ, ಹೊಸದು ತಿರುಗಿಸಿದರೆ ಆಯ್ತು. ಹಲವು ಬೈಕ್‌ಗಳಲ್ಲಿ ವೈರ್ ಕಾಯಿಲ್‌ಗೇ ಕೂಡಿಕೊಂಡಿರುತ್ತೆ, ಅದಕ್ಕೆ ಕಾಯಿಲ್ ಸಮೇತ ಬದಲಿಸಬೇಕು. ಬಿಡಿ ವೈರ್ ತಗೊಳ್ಳೋರು ಹಳೆಯ ತುಂಡು ಅಂಗಡಿಗೆ ಒಯ್ದರೆ ದಪ್ಪ ತಪ್ಪಲ್ಲ. ಎಫ್‌ಐ ಬೈಕ್‌ಗೆ ಕಂಪನಿ ಕೊಟ್ಟಿದ್ದು ರೆಸಿಸ್ಟರ್ ಕ್ಯಾಪ್ ಆಗಿದ್ದರೆ ಅಂಥದ್ದನ್ನೇ ಕೇಳಿ, ಇಲ್ಲದಿದ್ದರೆ ಇಸಿಯುಗೆ ತೊಂದರೆ ಆಗಬಹುದು.