ಅಶೋಕನ ಶಾಸನದಲ್ಲಿ ಐವರು ಯವನರಾಜರು

ಅಶೋಕನ ಹದಿಮೂರನೆಯ ಬಂಡೆಶಾಸನವು ಕಳಿಂಗ ಯುದ್ಧದ ಪಶ್ಚಾತ್ತಾಪದಿಂದಾಗಿ ಪ್ರಸಿದ್ಧವಾಗಿದ್ದರೂ, ಭಾರತದ ಕಾಲಗಣನೆಗೆ ಅದು ಅಮೂಲ್ಯವೆನಿಸಿರುವುದು ಅದರಲ್ಲಿ ಬರುವ ಐದು ಪರದೇಶಿ ಹೆಸರುಗಳಿಂದ. ತನ್ನ ಧರ್ಮವಿಜಯವು ಆರುನೂರು ಯೋಜನಗಳಾಚೆ ಅಂತಿಯೋಕನೆಂಬ ಯವನರಾಜನ ನಾಡಿನಲ್ಲಿಯೂ, ಅವನಿಂದಾಚೆಗೆ ತುರಮಾಯ, ಅಂತಿಕಿನಿ, ಮಗ ಮತ್ತು ಅಲಿಕಸುದರರ ನಾಡುಗಳಲ್ಲಿಯೂ ನೆಲೆಸಿದೆಯೆಂದು ಅಶೋಕ ಅದರಲ್ಲಿ ಹೇಳಿಕೊಂಡಿದ್ದಾನೆ.

ಈ ಹೆಸರುಗಳ ಹಿಂದೆ ಇರುವುದು ಅಲೆಕ್ಸಾಂಡರನ ನಂತರದ ಗ್ರೀಕ್ ಜಗತ್ತು. ಕ್ರಿ.ಪೂ. 323ರಲ್ಲಿ ಅವನು ಬ್ಯಾಬಿಲಾನಿನಲ್ಲಿ ತೀರಿಕೊಂಡಾಗ ರಾಜ್ಯವಾಳಬಲ್ಲ ವಯಸ್ಸಿನ ಸಮರ್ಥ ವಾರಸುದಾರನಿರಲಿಲ್ಲವಾದ್ದರಿಂದ, ಅವನ ಸೇನಾನಿಗಳು ದಶಕಗಳ ಕಾಲ ಪರಸ್ಪರ ಕಾದಾಡಿ, ಕ್ರಿ.ಪೂ. 306ರಿಂದ ಒಬ್ಬೊಬ್ಬರಾಗಿ 'ಬಸಿಲಿಯಸ್', ಅಂದರೆ ಅರಸ, ಎಂಬ ಬಿರುದನ್ನು ಧರಿಸಿದರು. ಹೀಗೆ ಹುಟ್ಟಿದ ರಾಜ್ಯಗಳ ಕಾಲವನ್ನು, ಗ್ರೀಕರು ತಮ್ಮನ್ನು ಹೆಲೆನರೆಂದು ಕರೆದುಕೊಳ್ಳುತ್ತಿದ್ದುದರಿಂದ, ಹೆಲೆನಿಸ್ಟಿಕ್ ಯುಗವೆನ್ನುತ್ತಾರೆ. ಚಂದ್ರಗುಪ್ತ ಮೌರ್ಯನಿಗೆ ಸಿಂಧೂ ಕಣಿವೆಯತ್ತಣ ಪ್ರಾಂತಗಳನ್ನು ಬಿಟ್ಟುಕೊಟ್ಟು 500 ಆನೆಗಳನ್ನು ಪಡೆದ, ಆ ಸೇನಾನಿಗಳಲ್ಲೊಬ್ಬನಾದ ಸೆಲ್ಯೂಕಸನು, ಕ್ರಿ.ಪೂ. 301ರ ಇಪ್ಸಸ್ ಕದನದಲ್ಲಿ ಆ ಆನೆಗಳ ಬಲದಿಂದ ಗೆಲುವಿಗೆ ನೆರವಾಗಿ, ಸಿರಿಯಾದಿಂದ ಇರಾನಿನಾಚೆಯವರೆಗೆ ಹಬ್ಬಿದ ರಾಜ್ಯಕ್ಕೆ ಒಡೆಯನಾದನು.

ಶಾಸನದ ಅಂತಿಯೋಕನು ಈ ಸೆಲ್ಯೂಕಸನ ಮೊಮ್ಮಗ, ಇಮ್ಮಡಿ ಆಂಟಿಯೋಕಸ್ (ಕ್ರಿ.ಪೂ. 261–246). ತುರಮಾಯನು ಈಜಿಪ್ಟಿನ ಇಮ್ಮಡಿ ಟಾಲೆಮಿ. ಅಂತಿಕಿನಿಯು ಗಾಲರನ್ನು ಸೋಲಿಸಿ ಮ್ಯಾಸಿಡೋನಿಯಾದ ಸಿಂಹಾಸನವನ್ನು ಗಟ್ಟಿಮಾಡಿಕೊಂಡ ಆಂಟಿಗೋನಸ್ ಗೊನಾಟಸ್. ಮಗನೆಂದರೆ ಇಂದಿನ ಲಿಬಿಯಾದಲ್ಲಿರುವ ಸೈರೀನನ್ನು ಆಳುತ್ತಿದ್ದ, ಟಾಲೆಮಿಯ ಮಲಸಹೋದರ ಮಾಗಸ್. ಅಲಿಕಸುದರನು ಎಪಿರಸ್ಸಿನ ಅಲೆಕ್ಸಾಂಡರನೋ ಕಾರಿಂತಿನ ಅಲೆಕ್ಸಾಂಡರನೋ ಎಂಬ ಚರ್ಚೆ ವಿದ್ವಾಂಸರಲ್ಲಿ ಮುಗಿದಿಲ್ಲ.

ಅಶೋಕನ ಶಾಸನಗಳು ತಮ್ಮ ಕಾಲವನ್ನು ಹೇಳುವುದು ಅವನ ಪಟ್ಟಾಭಿಷೇಕದಿಂದ ಎಣಿಸಿದ ವರ್ಷಗಳಲ್ಲಿ. ಆದರೆ ಆ ಪಟ್ಟಾಭಿಷೇಕ ಯಾವಾಗ ನಡೆಯಿತೆಂಬುದನ್ನು ಅವು ತಿಳಿಸುವುದಿಲ್ಲ. ಸೆಲ್ಯೂಕಸನ ವಂಶದವರಾದರೋ ಪ್ರತಿ ಅರಸನಿಗೂ ಎಣಿಕೆಯನ್ನು ಹೊಸದಾಗಿ ಆರಂಭಿಸದೆ, ಸೆಲ್ಯೂಕಸನ ವರ್ಷಗಳನ್ನೇ ಮುಂದುವರಿಸಿಕೊಂಡು ಹೋದರು. ಬ್ಯಾಬಿಲಾನಿನ ಲೆಕ್ಕದಲ್ಲಿ ಕ್ರಿ.ಪೂ. 311ರ ವಸಂತದಿಂದ ಮೊದಲಾಗುವ ಈ ಶಕೆಯಲ್ಲಿ ಬರೆದ ಜೇಡಿಮಣ್ಣಿನ ಹಲಗೆಯೊಂದರಲ್ಲಿ ಅರಸರ ಪಟ್ಟಿಯಿದ್ದು, 66ನೆಯ ವರ್ಷದ ಅಬು ಮಾಸದಲ್ಲಿ ಆಂಟಿಯೋಕಸನ ಮರಣವಾರ್ತೆ ಬ್ಯಾಬಿಲಾನಿಗೆ ಮುಟ್ಟಿತೆಂದು ಅಲ್ಲಿ ದಾಖಲಾಗಿದೆ, ಅದು ಕ್ರಿ.ಪೂ. 246ರ ಬೇಸಿಗೆ. ಅವನ ತಂದೆ ತೀರಿಕೊಂಡದ್ದು 51ನೆಯ ವರ್ಷದಲ್ಲಿ, ಅಂದರೆ ಕ್ರಿ.ಪೂ. 261ರಲ್ಲಿ, ಎಂಬುದೂ ಅದೇ ಹಲಗೆಯಿಂದ ತಿಳಿಯುತ್ತದೆ.

ಐವರೂ ಏಕಕಾಲದಲ್ಲಿ ಬದುಕಿದ್ದಿರಬೇಕಾದ ಅವಧಿಯನ್ನು ಹುಡುಕಿದರೆ, ಆಂಟಿಯೋಕಸನು ಪಟ್ಟಕ್ಕೆ ಬಂದ ವರ್ಷಕ್ಕಿಂತ ಹಿಂದಕ್ಕೂ, ಕ್ರಿ.ಪೂ. 250ರ ಸುಮಾರಿಗೆ ಸತ್ತನೆನ್ನಲಾದ ಮಾಗಸನಿಂದ ತೀರ ಮುಂದಕ್ಕೂ ಹೋಗಲಾಗದು. ಬಂಡೆಶಾಸನಗಳ ಮಾಲೆಯು ಅಭಿಷೇಕದ ಹನ್ನೆರಡನೆಯ ಮತ್ತು ಹದಿಮೂರನೆಯ ವರ್ಷಗಳನ್ನು ಹೆಸರಿಸುವುದರಿಂದ, ಅಷ್ಟು ವರ್ಷಗಳನ್ನು ಹಿಂದಕ್ಕೆ ಎಣಿಸಿ, ಅಶೋಕನ ಪಟ್ಟಾಭಿಷೇಕವನ್ನು ಕ್ರಿ.ಪೂ. 268ರ ಆಸುಪಾಸಿಗೆ ನಿಲ್ಲಿಸಲಾಗಿದೆ. ಮೌರ್ಯರ ಇತರ ಅರಸರ ಕಾಲವನ್ನು ನಿರ್ಣಯಿಸುವಾಗಲೂ ಆಧಾರವಾಗಿ ನಿಲ್ಲುವುದು ಮುಖ್ಯವಾಗಿ ಈ ಲೆಕ್ಕವೇ.

ಅರಸ ಅಳಿದರೂ ಎಣಿಕೆ ನಿಲ್ಲದ ಇಂಥ ಶಕೆಯ ಪದ್ಧತಿ ಭಾರತದಲ್ಲಿ ನೆಲೆಯೂರಿದ್ದು ಅಶೋಕನ ನಂತರದ ಶತಮಾನಗಳಲ್ಲಿ. ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಿಕೇಶಿಯ ಶಾಸನವು ಶಕವರ್ಷ 465 ಎಂದು ಸ್ಪಷ್ಟವಾಗಿ ಹೇಳುವುದರಿಂದ, ಅದು ಕ್ರಿ.ಶ. 543ರದೆಂದು ತಿಳಿಯಲು ಯಾವ ಪರದೇಶದ ಅರಸನ ಸಾಕ್ಷಿಯೂ ಬೇಕಾಗುವುದಿಲ್ಲ.