ಹಿಮದ ನಾಡಿನಲ್ಲಿ ಏಳು ದಿನ



ಹಡಗಿನ ಪ್ರವಾಸ ಎಂದ ಕೂಡಲೇ “ಅದೆಲ್ಲಾ ದುಡ್ಡಿದ್ದವರಿಗೆ, ನಮಗ್ಯಾಕೆ” ಎಂದು ನೀವು ಪುಟ ಮಗುಚಬಹುದು. ಸ್ವಲ್ಪ ತಡೆಯಿರಿ. ಬಾಣಸವಾಡಿಯಲ್ಲಿ ಮನೆ, ಅಡುಗೆ, ಅತ್ತೆಯವರ ಆರೈಕೆ ಎಂದು ಇಪ್ಪತ್ತನಾಲ್ಕು ವರ್ಷ ಕಳೆದ ನಾನೂ ನಮ್ಮ ಯಜಮಾನರೂ 2023ರ ಜೂನ್ ತಿಂಗಳಲ್ಲಿ ಅಲಾಸ್ಕಾಗೆ ಹೋಗಿಬಂದೆವು. ನಿಮ್ಮಲ್ಲೂ ಎಷ್ಟೋ ಜನರ ಮಕ್ಕಳು, ತಮ್ಮಂದಿರು ಅಮೆರಿಕದಲ್ಲಿದ್ದಾರೆ. ಅವರಲ್ಲಿಗೆ ಹೋದಾಗ ಈ ಪ್ರವಾಸ ನಿಮಗೂ ಒದಗಬಹುದು.

ನಾವು ಹೊರಟ ಕಾರಣ ಮಾತ್ರ ಸಂತೋಷದ್ದಲ್ಲ. ಹಿಂದಿನ ವರ್ಷ ನಮ್ಮವರಿಗೆ ಗ್ಲಾಕೋಮಾ ಇದೆಯೆಂದು ಗೊತ್ತಾಯಿತು. ಕಣ್ಣಿನ ನರ ಸವೆದು, ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಾ ಬರುವ ಕಾಯಿಲೆ ಅದು. “ಹೋದ ದೃಷ್ಟಿ ವಾಪಸು ಬರೋಲ್ಲ, ಇರೋದನ್ನ ಕಾಪಾಡಿಕೊಳ್ಳಬೇಕು” ಎಂದರು ಡಾಕ್ಟರು. ಮಗಳ ಬಳೆಗೆಂದು ಕೂಡಿಟ್ಟ ಹಣವಿತ್ತು. “ಬಳೆ ಆಮೇಲೂ ಮಾಡಿಸಬಹುದಮ್ಮ, ಅಪ್ಪನ್ನ ಈಗ ಕರಕೊಂಡು ಹೋಗು” ಎಂದಳು ಅವಳೇ. ಅತ್ತೆಯವರ ಜೊತೆಗೆ ನಾದಿನಿ ಬಂದು ನಿಂತರು. ಸಿಯಾಟಲ್‌ನಲ್ಲಿರುವ ನನ್ನ ತಮ್ಮ ಟಿಕೆಟ್ ಮಾಡಿಸಿದ.

ಅಲಾಸ್ಕಾ ನಮ್ಮ ಕರ್ನಾಟಕದ ಸುಮಾರು ಒಂಬತ್ತು ಪಟ್ಟು ದೊಡ್ಡದು. 1867ರಲ್ಲಿ ಅಮೆರಿಕದವರು ಇದನ್ನು ರಷ್ಯಾದಿಂದ 72 ಲಕ್ಷ ಡಾಲರಿಗೆ ಕೊಂಡರು. ರಾಜ್ಯವೆನಿಸಿಕೊಂಡದ್ದು 1959ರಲ್ಲಿ. ರಾಜಧಾನಿ ಜೂನೋಗೆ ಹೊರಗಿನಿಂದ ರಸ್ತೆಯೇ ಇಲ್ಲ! ಹಡಗಿನಲ್ಲೋ ವಿಮಾನದಲ್ಲೋ ಹೋಗಬೇಕು.

ಹಡಗು ಹೆಚ್ಚಿನ ದಾರಿ ದ್ವೀಪಗಳ ನಡುವೆಯೇ ಸಾಗುವುದರಿಂದ ನಾವು ಹೆದರಿದಷ್ಟು ಕುಲುಕಾಟವಿಲ್ಲ. ಜೂನೋದಲ್ಲಿ ತಿಮಿಂಗಿಲಗಳನ್ನು ನೋಡಿದೆವು. ಬೇಸಿಗೆಯಲ್ಲಿ ಇಲ್ಲಿ ಹೊಟ್ಟೆತುಂಬ ತಿಂದು, ಚಳಿಗಾಲದಲ್ಲಿ ಹವಾಯಿ ದ್ವೀಪಗಳ ಬೆಚ್ಚನೆಯ ನೀರಿಗೆ ಹೋಗಿ ಮರಿ ಹಾಕುತ್ತವಂತೆ. ಬಾಣಂತನಕ್ಕೆ ತವರಿಗೆ ಹೋದ ಹಾಗೆ! ಸ್ಕ್ಯಾಗ್‌ವೇ ಊರಿನಲ್ಲಿ, ಚಿನ್ನದ ಆಸೆಗೆ ಜನ ಮುಗಿಬಿದ್ದ ಕಾಲದಲ್ಲಿ ಶುರುವಾಗಿ 1900ರಲ್ಲಿ ಪೂರ್ತಿಯಾದ ಪುಟ್ಟ ರೈಲುದಾರಿಯಿದೆ. ಇಪ್ಪತ್ತು ಮೈಲಿಯಲ್ಲಿ ಸುಮಾರು 2,900 ಅಡಿ ಏರುತ್ತದೆ. ಸಕಲೇಶಪುರದ ಘಾಟಿ ರೈಲು ಕಂಡವರಿಗೆ ಅದರ ಸೊಗಸು ಬಿಡಿಸಿ ಹೇಳಬೇಕಿಲ್ಲ. ಕೆಚಿಕಾನ್‌ನಲ್ಲಿ ಮಳೆಯೋ ಮಳೆ. ಆದರೂ ನಮ್ಮ ಆಗುಂಬೆಯಷ್ಟಿಲ್ಲ.

ಮರೆಯಲಾಗದ್ದು ಗ್ಲೇಷಿಯರ್ ಬೇ. ದಿನಕ್ಕೆ ಎರಡೇ ದೊಡ್ಡ ಪ್ರವಾಸಿ ಹಡಗುಗಳಿಗೆ ಒಳಗೆ ಬಿಡುತ್ತಾರೆ. ಅಲ್ಲಿನ ಅರಣ್ಯದ ಅಧಿಕಾರಿಗಳು ಹಡಗಿಗೇ ಬಂದು ಕಥೆ ಹೇಳುತ್ತಾರೆ. ಒಂದು ಕಾಲಕ್ಕೆ ಅಲ್ಲಿ ಹೂನಾ ಟ್ಲಿಂಗಿಟ್ ಜನರ ಮನೆಗಳಿದ್ದವು. ಸುಮಾರು 1750ರ ಹೊತ್ತಿಗೆ ಹಿಮ ಮುನ್ನುಗ್ಗಿ ಬಂದು ಅವರು ಮನೆಮಠ ಬಿಟ್ಟು ಹೋಗಬೇಕಾಯಿತು. ಆಮೇಲೆ ಅದೇ ಹಿಮ ಹಿಂದೆ ಸರಿಯತೊಡಗಿತು. 1794ರಲ್ಲಿ ಕೊಲ್ಲಿಯ ಬಾಯಿಯ ಹತ್ತಿರವಿದ್ದದ್ದು ಈಗ ಸುಮಾರು 65 ಮೈಲಿ ಒಳಗಿದೆ. 2016ರಲ್ಲಿ ಆ ಜನರಿಗಾಗಿ ಅಲ್ಲೇ ಒಂದು ಮರದ ಮನೆ ಎದ್ದಿತು. ಮನೆ ಬಿಟ್ಟವರು ಇನ್ನೂರೈವತ್ತು ವರ್ಷದ ಮೇಲೂ ಆ ಜಾಗ ಮರೆಯಲಿಲ್ಲವಲ್ಲ ಎಂದು ನನಗೆ ಕಣ್ಣು ತುಂಬಿ ಬಂತು.

ಮಾರ್ಜರಿ ಎಂಬ ಹಿಮನದಿಯ ಮುಂದೆ ಹಡಗು ನಿಂತಿತು. ಒಂದು ಮೈಲಿ ಅಗಲ, ನೀರಿನ ಮೇಲೆ 250 ಅಡಿ ಎತ್ತರ, ನೀಲಿ ಬೆರೆತ ಬಿಳುಪು. ಅಷ್ಟಗಲ ನಮ್ಮವರ ನೋಟಕ್ಕೆ ಒಮ್ಮೆಗೇ ಸಿಗುವುದಿಲ್ಲ. “ಸ್ವಲ್ಪ ಎಡಕ್ಕೆ... ಅಗೋ, ಅಲ್ಲಿ” ಎಂದು ನಾನು ಹೇಳುತ್ತಾ ಹೋದೆ, ಅವರು ತುಂಡು ತುಂಡಾಗಿ ನೋಡುತ್ತಾ ಹೋದರು. ಸಿಡಿಲಿನಂಥ ಸದ್ದಾಗಿ ಒಂದು ದೊಡ್ಡ ಗಡ್ಡೆ ನೀರಿಗೆ ಬಿತ್ತು. “ಇದು ಕಾಣಿಸ್ತು ಕಣೇ, ಪೂರ್ತಿ ಕಾಣಿಸ್ತು” ಎಂದು ನನ್ನ ಕೈ ಹಿಡಿದುಕೊಂಡರು. ಇಷ್ಟು ವರ್ಷದಲ್ಲಿ ನಾಲ್ಕು ಜನರೆದುರು ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು.

ಹೋಗುವವರಿಗೆ ಕೆಲವು ಸಲಹೆ:

ಮೇನಿಂದ ಸೆಪ್ಟೆಂಬರ್ ಒಳಗೆ ಹೋಗಿ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ.

ಸಿಯಾಟಲ್‌ನಿಂದ ಹೊರಡುವ ಹಡಗುಗಳು ಕೆನಡಾದ ಒಂದು ಬಂದರನ್ನೂ ಮುಟ್ಟುತ್ತವೆ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಅಮೆರಿಕದ ವೀಸಾ ಒಂದೇ ಸಾಲದು, ಕೆನಡಾದ್ದೂ ಬೇಕು. ಇದಕ್ಕೆ ತಿಂಗಳುಗಳ ಮುಂಚೆಯೇ ಓಡಾಡಿ.

ಸಸ್ಯಾಹಾರ ಬೇಕೆಂದು ಟಿಕೆಟ್ ಮಾಡಿಸುವಾಗಲೇ ಬರೆಸಿ. ಮನೆಯ ಅಡುಗೆಯನ್ನು ಸಾಮಾನ್ಯವಾಗಿ ಹಡಗಿಗೆ ಬಿಡುವುದಿಲ್ಲ. ಅಂಗಡಿಯ ಮುಚ್ಚಿದ ಚಟ್ನಿಪುಡಿ ಪೊಟ್ಟಣ ಒಯ್ಯಬಹುದು. ಬ್ರೆಡ್ಡು, ಮೊಸರಿನ ಜೊತೆ ಅದೇ ನಮಗೆ ಪರಮಾನ್ನವಾಯಿತು!

ಒಂದೇ ದಪ್ಪ ಕೋಟಿಗಿಂತ ಎರಡು ಮೂರು ಪದರ ಸ್ವೆಟರ್ ಮತ್ತು ಮೇಲೊಂದು ಮಳೆಕೋಟು ಒಳ್ಳೆಯದು.

ಔಷಧಿ, ಕಣ್ಣಿನ ಹನಿ, ಡಾಕ್ಟರ ಚೀಟಿ ಕೈಚೀಲದಲ್ಲೇ ಇರಲಿ.

ಕೊನೆಯದಾಗಿ ಹಡಗಿಗೆ ಸಂಬಂಧವಿಲ್ಲದ ಒಂದು ಮಾತು. ಗ್ಲಾಕೋಮಾ ಹೆಚ್ಚಿನವರಿಗೆ ಮೊದಲಲ್ಲಿ ಯಾವ ನೋವನ್ನೂ ಕೊಡುವುದಿಲ್ಲ. ನಲವತ್ತು ದಾಟಿದ್ದರೆ, ಮನೆತನದಲ್ಲಿ ಯಾರಿಗಾದರೂ ಇದ್ದರೆ, ಯಜಮಾನರನ್ನು ಕರೆದುಕೊಂಡು ಹೋಗಿ ಇಬ್ಬರೂ ಕಣ್ಣಿನ ಒತ್ತಡ, ನರ ಪರೀಕ್ಷಿಸಿಕೊಳ್ಳಿ. ಅಲಾಸ್ಕಾ ಆಮೇಲೆ ನೋಡೋಣವಂತೆ, ಈ ಕೆಲಸ ಮಾತ್ರ ಈ ವಾರವೇ ಆಗಲಿ.